ಕಾಲಿಗೆ ಬಣ್ಣ ಹಚ್ಚಿರಲಿಲ್ಲ

ನಾನು ನಿಂತಿದ್ದು ಗೋವಿಂದಪ್ಪನ ಹೋಟೆಲಿನ ಬಾಗಿಲ ಎಡಗಡೆ, ನೀರಿನ ಡ್ರಮ್ಮಿಗೂ ಗೋಡೆಗೂ ನಡುವಿನ ಜಾಗದಲ್ಲಿ. ಸೋಮವಾರ ಬೆಳಿಗ್ಗೆ, ಏಳಕ್ಕೆ ಹತ್ತು ನಿಮಿಷ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಮೊದಲ ಬಸ್ಸು ಇನ್ನೂ ಬಂದಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಆ ಊರಿನ ಪ್ರಾಥಮಿಕ ಶಾಲೆಗೆ ನಾನು ಮೇಷ್ಟ್ರಾಗಿ ಬಂದ ಮೇಲೆ ಅದು ಎರಡನೆಯ ಬೇಸಿಗೆ. ಬಲಗೈಯಲ್ಲಿ ಸ್ಟೀಲ್ ಲೋಟ, ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಟೀ. ಎಡ ಹೆಗಲ ಮೇಲೆ ಬಿಳಿಯ ಟವಲ್ಲು. ನನಗೂ ಹೋಟೆಲಿನ ಮೆಟ್ಟಿಲಿಗೂ ಎರಡು ಮಾರು ದೂರ ಕೂಡ ಇರಲಿಲ್ಲ. ಆದ್ದರಿಂದ ಅಲ್ಲಿ ಆಡಿದ ಒಂದು ಮಾತೂ ನನಗೆ ಕೇಳಿಸದೆ ಹೋಗಿಲ್ಲ.

ಮೆಟ್ಟಿಲ ಕೆಳಗೆ ಬಂದು ನಿಂತು ಟೀ ಕೇಳಿದವನ ಮುಖ ನೀಲಿಯಾಗಿತ್ತು.

ಊರಿನ ಹೆಸರು ಬರೆಯುವುದಿಲ್ಲ. ಹಾಗೆ ನೋಡಿದರೆ ಆ ಕಾಲದಲ್ಲಿ ಆ ರಸ್ತೆಯ ಯಾವ ಊರಿನ ಹೆಸರು ಬರೆದರೂ ದೊಡ್ಡ ತಪ್ಪಾಗುತ್ತಿರಲಿಲ್ಲ. ಉಳಿದದ್ದನ್ನು ಇಷ್ಟು ಲೆಕ್ಕ ಹಿಡಿದು ಹೇಳುತ್ತಿರುವುದಕ್ಕೆ ಒಂದು ಕಾರಣ ನನ್ನ ಕಸುಬು. ಬಂದ ಮಕ್ಕಳನ್ನು ಬಂದರು, ಬಾರದವರನ್ನು ಬಾರಲಿಲ್ಲ ಎಂದು ಜೀವಮಾನವೆಲ್ಲ ಹಾಜರಿ ಪುಸ್ತಕದಲ್ಲಿ ಬರೆದ ಕೈ ಇದು. ಇನ್ನೊಂದು ಕಾರಣವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಇದನ್ನೆಲ್ಲ ಕೆದಕಿದ್ದು ಆ ಟವಲ್ಲೇ. ಹೋದ ವಾರ ನನ್ನ ಹೆಂಡತಿ ಹಳೆಯ ಟ್ರಂಕನ್ನು ಬಿಸಿಲಿಗಿಟ್ಟಿದ್ದಳು. ಅದರ ತಳದಿಂದ ಟವಲ್ಲನ್ನು ಎರಡು ಬೆರಳಿನಲ್ಲಿ ಎತ್ತಿಕೊಂಡು ಬಂದಳು. ಮಧ್ಯದಲ್ಲಿ ಒಂದು ಅಂಗೈಗಿಂತ ದೊಡ್ಡ ನೀಲಿ ಕಲೆ.

"ಇದನ್ನ ಸ್ಕೂಟರ್ ಒರೆಸೋಕೆ ಇಟ್ಕೊಳ್ಳಲಾ?" ಎಂದಳು.

"ಬೇಡ."

"ಯಾಕೆ, ಇದೇನು ಪೀತಾಂಬರಾನಾ?"

ಹೌದು ಎನ್ನಬೇಕೆನ್ನಿಸಿತು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಅಂಥ ಮಾತಿಗೆಲ್ಲ ಧೈರ್ಯ ಸಾಲುವುದಿಲ್ಲ. ಮಡಿಸಿ ನನ್ನ ಪುಸ್ತಕದ ಬೀರುವಿನಲ್ಲಿಟ್ಟುಕೊಂಡೆ.

ನೀಲಿಗೂ ನನಗೂ ಹಳೆಯ ನಂಟು. ನಾನು ಹುಟ್ಟಿ ಬೆಳೆದದ್ದು ಶಿರಾದಲ್ಲಿ. ಆರು ವರ್ಷದವನಿದ್ದಾಗ, ಕ್ಯಾಲೆಂಡರಿನಲ್ಲಿರುವ ದೇವರೆಲ್ಲ ನೀಲಿಯಾಗಿರುವುದನ್ನು ನೋಡಿ, ದೇವರಾಗಲು ಬೇಕಾದದ್ದು ಇಷ್ಟೇ ಎಂದು ತಿಳಿದುಕೊಂಡೆ. ಅಮ್ಮ ಬಿಳಿ ಬಟ್ಟೆಗೆ ಹಾಕುತ್ತಿದ್ದ ನೀಲಿ ಪುಡಿಯನ್ನು ನೀರಿನಲ್ಲಿ ಕಲಸಿ, ಕಿವಿಯಿಂದ ಕಿವಿಯವರೆಗೆ ಬಳಿದುಕೊಂಡು, ಊದುವ ಕೊಳವೆಯನ್ನು ಕೊಳಲಿನ ಹಾಗೆ ಹಿಡಿದು, ದೇವರ ಗೂಡಿನ ಕೆಳಗೆ ಕಾಲು ಅಡ್ಡ ಹಾಕಿ ನಿಂತೆ. ಅಮ್ಮ ಬಂದು ನೋಡಿದಳು. ಕೈ ಮುಗಿಯಲಿಲ್ಲ. ಬಚ್ಚಲಿಗೆ ಎಳೆದುಕೊಂಡು ಹೋಗಿ ಸೀಗೆಪುಡಿ ಹಾಕಿ ತಿಕ್ಕಿದಳು. ಕಿವಿಯ ಸಂದಿನ ನೀಲಿ ಮಾತ್ರ ಮೂರು ದಿನ ಹೋಗಲಿಲ್ಲ. ನನ್ನ ದೈವತ್ವ ಅಲ್ಲಿಗೆ ಮುಗಿಯಿತು.

ನಮ್ಮ ಬೀದಿಯ ತುದಿಯಲ್ಲಿ ಬಾಷಾ ಸಾಬರ ಅಂಗಡಿ ಇತ್ತು. ದೇವರ ಪಟಗಳಿಗೆ ಕಟ್ಟು ಹಾಕುವುದು ಅವರ ಕೆಲಸ. ಗೋಡೆಯ ತುಂಬ ಲಕ್ಷ್ಮಿ, ವೆಂಕಟರಮಣ, ಈಶ್ವರ. ಶಾಲೆಯಿಂದ ಬರುವಾಗ ಅಲ್ಲಿ ನಿಂತು ನೋಡುವುದು ನನ್ನ ಅಭ್ಯಾಸ. ಒಂದು ದಿನ ಕೇಳಿದೆ: "ಸಾಬ್ರೆ, ದೇವರು ನಿಜವಾಗ್ಲೂ ಹಿಂಗೇ ಇರ್ತಾನಾ?"

ಅವರು ಬಾಯಲ್ಲಿದ್ದ ಸಣ್ಣ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು ಹೇಳಿದರು: "ಅರೆ ಬೇಟಾ, ನಮ್ಮೋರು ಆತಂದು ತಸ್ವೀರು ಬರೆಯಂಗೇ ಇಲ್ಲ ಅಂತಾರೆ. ನಿಮ್ಮೋರು ದಿನಕ್ಕೊಂದು ಬರೀತಾರೆ. ನಾನು ಮಧ್ಯದಲ್ಲಿ ಗಾಜು ಹಾಕೋನು. ನನ್ನೇನ್ ಕೇಳ್ತೀ?"

ಪಟಗಳ ಸಾಲಿನಲ್ಲಿ, ಈಶ್ವರನಿಗೂ ಲಕ್ಷ್ಮಿಗೂ ನಡುವೆ, ಅದೇ ಮರದ ಕಟ್ಟು ಹಾಕಿದ ಒಂದು ಕನ್ನಡಿಯೂ ಇತ್ತು. ಮಾರಾಟದ್ದು. ಅದರಲ್ಲಿ ನನ್ನ ಮುಖ ಕಾಣುತ್ತಿತ್ತು, ಕಿವಿಯ ಹತ್ತಿರ ನೀಲಿ. "ಇದೂ ದೇವರ ಸಾಲಲ್ಲೇ ಯಾಕೆ?" ಎಂದೆ. "ಸೈಜು ಒಂದೇ ಬೇಟಾ, ಅದಕ್ಕೆ," ಎಂದರು. ಸೈಜಿನ ಮಾತು ಅಷ್ಟು ದೊಡ್ಡದೆಂದು ನನಗೆ ಆಗ ಗೊತ್ತಾಗಲಿಲ್ಲ.

ಮುಂದೆ ಟೀಚರ್ ಟ್ರೈನಿಂಗಿನಲ್ಲಿ ನಮಗೊಬ್ಬರು ಕ್ರೈಸ್ತ ಮೇಷ್ಟ್ರಿದ್ದರು. ದೇವರು ಮನುಷ್ಯನನ್ನು ತನ್ನದೇ ರೂಪದಲ್ಲಿ ಮಾಡಿದ, ಒಬ್ಬನನ್ನೂ ಬಿಡದೆ ಎಲ್ಲರನ್ನೂ, ಎಂದು ಹೇಳುತ್ತಿದ್ದರು. ನಾವು ಹೌದು ಸಾರ್ ಎಂದು ಬರೆದುಕೊಂಡೆವು. ಬರೆದುಕೊಂಡದ್ದು ಪರೀಕ್ಷೆಗೆ. ಆಮೇಲೆ ನಾನೂ ಅದನ್ನು ಶನಿವಾರದ ನೀತಿಪಾಠದಲ್ಲಿ ಮಕ್ಕಳಿಗೆ ಹೇಳುತ್ತಿದ್ದೆ. ಮಕ್ಕಳೂ ಹೌದು ಸಾರ್ ಎನ್ನುತ್ತಿದ್ದವು. ಹೀಗೆ ಅದು ಒಬ್ಬರಿಂದ ಒಬ್ಬರಿಗೆ ಸುಲಭವಾಗಿ ದಾಟಿಕೊಂಡು ಬರುತ್ತಿತ್ತು, ಆ ಸೋಮವಾರದವರೆಗೆ.

ಈಗ ಭಾನುವಾರಕ್ಕೆ ಬರುತ್ತೇನೆ. ನಮ್ಮ ಕಡೆ ಬೇಸಿಗೆ ಬಂದರೆ ಊರೂರಿಗೆ ಪೌರಾಣಿಕ ನಾಟಕ. ಆಡುವವರು ಊರಿನವರೇ, ಮೂರು ತಿಂಗಳು ಕಲಿಸುವವನು ಹೊರಗಿನಿಂದ ಬಂದ ಹಾರ್ಮೋನಿಯಂ ಮೇಷ್ಟ್ರು. ಹಾರ್ಮೋನಿಯಂಗೆ ಜನ ಪೆಟ್ಟಿಗೆ ಎನ್ನುತ್ತಿದ್ದರು, ಹಾಗಾಗಿ ಅವನು ಪೆಟ್ಟಿಗೆ ಮೇಷ್ಟ್ರು, ನಾನು ಇಸ್ಕೂಲ್ ಮೇಷ್ಟ್ರು. ಊರಿನಲ್ಲಿ ಯಾರಿಗೆ ಹೆಚ್ಚು ಮರ್ಯಾದೆ ಎಂಬುದನ್ನು ಹೇಳಬೇಕಾಗಿಲ್ಲ. ನನಗೆ ಚಿತ್ರ ಬರೆಯುವ ಕೈ ಇದೆ ಎಂದು ಬಣ್ಣ ಹಚ್ಚುವ ಕೆಲಸ ವಹಿಸಿದ್ದರು.

ಈ ನಾಟಕಗಳಲ್ಲಿ ಕೃಷ್ಣನದು ಬೇರೆ ಲೆಕ್ಕ. ಆ ಪಾತ್ರ ಮಾಡುವವನು ಬೆಳಗಿನಿಂದ ಉಪವಾಸ ಇರಬೇಕು, ಬೀಡಿ ಮುಟ್ಟಬಾರದು. ಪರದೆ ಏಳುವ ಮೊದಲು ಅವನನ್ನು ಕುರ್ಚಿಯ ಮೇಲೆ ಕೂರಿಸಿ ತೆಂಗಿನಕಾಯಿ ಒಡೆದು ಮಂಗಳಾರತಿ ಎತ್ತುತ್ತಾರೆ. ಊರಿನವರು ಸಾಲಾಗಿ ಬಂದು ಕಾಲು ಮುಟ್ಟಿ ನಮಸ್ಕಾರ ಮಾಡುತ್ತಾರೆ. ಬೆಳಗಾದರೆ ಅದೇ ಮನುಷ್ಯನನ್ನು ಏನ್ಲಾ ಎಂದು ಕರೆಯುತ್ತಾರೆ, ಅದು ಬೇರೆ.

ಆ ವರ್ಷ ಕೃಷ್ಣ ಪಟೇಲರ ಭಾಮೈದ. ಶನಿವಾರ ಅವನಿಗೆ ಮೈಯೆಲ್ಲ ಸೀತಾಳೆ ಎದ್ದಿತು. ಮೂರು ತಿಂಗಳ ಕಲಿಕೆ ಹಾಳಾಯಿತು ಎಂದು ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತಾಗ ಪೆಟ್ಟಿಗೆ ಮೇಷ್ಟ್ರು ಹೇಳಿದ: "ಕೃಷ್ಣನ್ನ ನಾನ್ ತರ್ತೀನಿ. ನೀವು ಪರದೆ ಕಟ್ಟಿ." ಭಾನುವಾರ ಹೊತ್ತು ಮುಳುಗುವಾಗ ಒಬ್ಬನನ್ನು ಕರೆದುಕೊಂಡು ಬಂದು ಶಾಲೆಯ ಕೋಣೆಯಲ್ಲಿ ನನ್ನ ಮುಂದೆ ಕೂರಿಸಿ ಹೊರಟುಹೋದ.

ಮೂವತ್ತರ ಆಸುಪಾಸಿನ ಗಂಡಸು. ಹೆಸರು ಓಬಳಯ್ಯ ಎಂದ. ನಾನು ಅಷ್ಟೇ ಕೇಳಿದ್ದು. ಸಫೇದ ಎನ್ನುವ ಬಿಳಿ ಪುಡಿಗೆ ಬಟ್ಟೆ ನೀಲಿ ಬೆರೆಸಿ ಕೊಬ್ಬರಿ ಎಣ್ಣೆಯಲ್ಲಿ ಕಲಸಿಕೊಂಡು ಹಚ್ಚತೊಡಗಿದೆ. ಮುಖ, ಕತ್ತು, ಕೈ ಮೊಣಕೈವರೆಗೆ. ಅಷ್ಟಕ್ಕೆ ಬಟ್ಟಲು ಬರಿದಾಯಿತು. ಕೆಳಗೆ ನೋಡಿದೆ. ಬರಿಗಾಲು. ಹಿಮ್ಮಡಿ ಒಡೆದಿತ್ತು. ಬಲಪಾದದ ಮೇಲೆ ನಾಣ್ಯದಷ್ಟಗಲದ ಎರಡು ಕಪ್ಪು ಕಲೆ, ಸುಟ್ಟು ಗಟ್ಟಿಯಾದವು.

"ಕಾಲಿಗೆ ಸಾಲದಲ್ಲಪ್ಪಾ," ಎಂದೆ.

"ಕಾಲು ಬುಡಿ ಸಾ. ಕಾಲ ಯಾರ್ ನೋಡ್ತಾರೆ."

ಎಲ್ಲರೂ ನೋಡಿದರು. ನೋಡಿದ್ದಷ್ಟೇ ಅಲ್ಲ, ಮುಟ್ಟಿದರು. ಮೊದಲು ಪಟೇಲರು, ಅದು ಕ್ರಮ. ಆಮೇಲೆ ಗೋವಿಂದಪ್ಪ, ಅವನ ತಾಯಿ ನಂಜಕ್ಕ, ಆಮೇಲೆ ಊರು. ನಂಜಕ್ಕ ಆರತಿ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಎಪ್ಪತ್ತು ದಾಟಿದವಳು, ಬಗ್ಗಿ ಎರಡು ಪಾದವನ್ನೂ ಹಿಡಿದು ಹಣೆ ಹಚ್ಚಿದಳು, ಏಳಲು ಹೊತ್ತಾಯಿತು. ನಾನು ಪಕ್ಕದಲ್ಲೇ ಬರಿದಾದ ಬಣ್ಣದ ಬಟ್ಟಲು ಹಿಡಿದು ನಿಂತಿದ್ದೆ. ಓಬಳಯ್ಯನ ಹಾಡನ್ನು ನಾನು ವರ್ಣಿಸಲಾರೆ. ಜನ ಬೀಡಿ ಹಚ್ಚುವುದನ್ನು ಮರೆತರು ಎಂದರೆ ಸಾಕು.

ಬೆಳಿಗ್ಗೆ ಪೆಟ್ಟಿಗೆ ಮೇಷ್ಟ್ರು ಹಾರ್ಮೋನಿಯಂ ಹೊತ್ತು ಹಾಲಿನ ಲಾರಿ ಹತ್ತಿ ಹೊರಟುಹೋದ. ಹತ್ತುವ ಮೊದಲು, ಆ ಕಂಠ ಎಲ್ಲಿ ಸಿಕ್ಕಿತು ಎಂದು ಕೇಳಿದ್ದಕ್ಕೆ ನನಗೆ ಮಾತ್ರ ಹೇಳಿದ: "ಕೆರೆ ಏರಿ ಆಚೆ ಮೋರಿ ಕಟ್ತಾವ್ರಲ್ಲ, ರಸ್ತೆ ಗ್ಯಾಂಗಿನೋರು, ಆ ಡೇರೇಲಿ. ಕೃಷ್ಣನ ಪಾತ್ರ ಪೂರ್ತಿ ಬಾಯಿಪಾಠ ಅವನಿಗೆ. ನಿಮ್ಮೂರೋರು ಕೃಷ್ಣನ್ನ ಕೇಳಿದ್ರು, ತಂದ್ಕೊಟ್ಟೆ. ಜಾತಿ ಕೇಳಿರ್ಲಿಲ್ಲ."

ಅಂದರೆ ಒಂದು ತಿಂಗಳಿಂದ ಓಬಳಯ್ಯ ಆ ಊರಿನವರ ಕಣ್ಣೆದುರಿಗೇ ಇದ್ದ. ಹೋಟೆಲಿನ ಮುಂದಿನ ರಸ್ತೆಗೆ ಡಾಂಬರು ಸುರಿದವನು ಅವನೇ. ಅವನ ಮುಖವನ್ನು ಯಾರೂ ನೋಡಿರಲಿಲ್ಲ. ನಾನೂ ದಿನಾ ಆ ದಾರಿಯಲ್ಲೇ ಶಾಲೆಗೆ ಹೋಗುತ್ತಿದ್ದೆ, ನಾನೂ ನೋಡಿರಲಿಲ್ಲ.

ಈಗ ಮತ್ತೆ ಏಳಕ್ಕೆ ಹತ್ತು ನಿಮಿಷ. ಓಬಳಯ್ಯ ವೇಷ ಕಳಚಿ ತನ್ನ ಖಾಕಿ ಅಂಗಿ ಹಾಕಿಕೊಂಡಿದ್ದ. ಮುಖದ ಬಣ್ಣ ತೆಗೆಯಲು ಎಣ್ಣೆ ಬೇಕು, ಎಣ್ಣೆ ಮುಗಿದಿತ್ತು. ಹೋಟೆಲಿನ ಬೆಂಚಿನ ಮೇಲೆ ಪಟೇಲರು ಮತ್ತು ಶಿರಾ ಸಂತೆಗೆ ಕುರಿ ಹೊಡೆದುಕೊಂಡು ಹೋಗುವ ಹಟ್ಟಿಯ ಚಿಕ್ಕಣ್ಣ. ಇನ್ನು ಮೂರು ನಾಲ್ಕು ಜನ ಗೋಡೆಗೊರಗಿ ನಿಂತಿದ್ದರು.

"ಗೋವಿಂದಣ್ಣ, ಒಂದ್ ಟೀ. ನೆನ್ನೆ ಬೆಳಗ್ಗಿಂದ ಉಪಾಸ," ಎಂದ ಓಬಳಯ್ಯ.

"ಬಾ ಸ್ವಾಮಿ ಬಾ! ನಿಂಗ್ ಕೊಡ್ದೆ ಇನ್ಯಾರಿಗ್ ಕೊಡ್ಲಿ. ಏನ್ ಗಂಟ್ಲಪ್ಪಾ ನಿಂದು! ಒಳಕ್ ಬಾ, ಬೆಂಚ್ ಮ್ಯಾಲೆ ಕೂತ್ಕೋ," ಎನ್ನುತ್ತ ಗೋವಿಂದಪ್ಪ ಸ್ಟೀಲ್ ಲೋಟಕ್ಕೆ ಟೀ ಹುಯ್ದ.

ಪಟೇಲರು ಮುಖ ನೋಡಲಿಲ್ಲ, ಅಂಗಿ ನೋಡಿದರು. ಅಂಗಿಯ ತುಂಬ ಡಾಂಬರಿನ ಕಲೆ.

"ತಡಿ ಗೋವಿಂದ. ಏನ್ಲಾ, ನೀನು ಮೋರಿ ಗ್ಯಾಂಗಿನೋನಲ್ವೇನ್ಲಾ?"

"ಹೂಂ ಪಟೇಲ್ರೆ."

"ಯಾವೂರು?"

ಕೊರಟಗೆರೆ ಹತ್ತಿರದ ಒಂದು ಹಳ್ಳಿಯ ಹೆಸರು ಹೇಳಿದ.

"ಊರೊಳಗೋ, ಕಾಲೋನಿಯೋ?"

ಅಲ್ಲಿ ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಲೋಟ ಅವನಿಂದ ಎರಡು ಗೇಣು ದೂರದಲ್ಲಿತ್ತು.

"ಕಾಲೋನಿ," ಎಂದ.

ಗೋವಿಂದಪ್ಪನ ಕೈ ನಿಂತಿತು. ಟೀ ತುಳುಕಿ ಅವನ ಹೆಬ್ಬೆರಳ ಮೇಲೆ ಬಿತ್ತು. ಲೋಟವನ್ನು ಹಿಂದಕ್ಕೆ ಇಟ್ಟು, ಹೊರಗೋಡೆಯ ಗೂಡಿನ ಕಡೆ ಗದ್ದ ಎತ್ತಿ ತೋರಿಸಿದ. ಅಲ್ಲಿ ಒಂದು ಗಾಜಿನ ಲೋಟ ಬೋರಲಾಗಿರುತ್ತಿತ್ತು. ಕಾಲೋನಿಯವರು ಅದನ್ನು ತಾವೇ ತೊಳೆದು ಹಿಡಿಯಬೇಕು, ಮೇಲಿನಿಂದ ಟೀ ಹುಯ್ಯುತ್ತಾರೆ, ಕುಡಿದು ತೊಳೆದು ಮತ್ತೆ ಬೋರಲು ಹಾಕಿ ಹೋಗಬೇಕು.

"ಅಲ್ಲೈತೆ ನೋಡು ನಿಮ್ ಗ್ಲಾಸು. ತೊಳ್ಕಂಡ್ ಹಿಡಿ."

"ಒಳಕ್ ಬಾ ಅಂದ್ರಲ್ಲಣ್ಣ, ಈಗ್ತಾನೆ."

"ಆವಾಗ ನೀನ್ ಯಾರು ಅಂತ ಗೊತ್ತಿರ್ಲಿಲ್ಲ."

"ಗೊತ್ತಿತ್ತಲ್ಲ. ಸ್ವಾಮಿ ಅಂದ್ರಿ."

ಚಿಕ್ಕಣ್ಣ ಟೀ ಬಾಯಲ್ಲಿಟ್ಟುಕೊಂಡೇ ಫಕ್ಕನೆ ನಕ್ಕ. ಪಟೇಲರಿಗೆ ಸಿಟ್ಟು ಬಂದಿದ್ದು ಆ ನಗುವಿಗೆ ಎಂದು ನನ್ನ ಅಂದಾಜು.

"ಲೇ, ಬಾಯ್ ಬಿಗಿ. ರಾತ್ರಿ ನಾವ್ ಕೈ ಮುಗ್ದಿದ್ದು ಬಣ್ಣಕ್ಕೆ ಕಣ್ಲಾ. ನಿನಗಲ್ಲ."

ಓಬಳಯ್ಯ ಬೆರಳಿನಿಂದ ಕೆನ್ನೆ ಮುಟ್ಟಿ ಬೆರಳನ್ನು ನೋಡಿಕೊಂಡ.

"ಸರಿ ಬುಡಿ ಪಟೇಲ್ರೆ. ಬಣ್ಣ ಇನ್ನೂ ಇಲ್ಲೇ ಐತೆ. ಬಣ್ಣಕ್ಕೇ ಕೊಡಿ ಟೀನ."

ಯಾರೂ ಕೊಡಲಿಲ್ಲ. ಅವನು ರಸ್ತೆ ದಾಟಿ ಎದುರಿನ ಮೈಲಿಗಲ್ಲಿನ ಮೇಲೆ ಕೂತ. "ಕೊಡೋಗಂಟ ನಾನು ಒರೆಸ್ಕಳಲ್ಲ," ಎಂದ. ಜೋರಾಗಿ ಹೇಳಲಿಲ್ಲ.

ಆಗ ನನಗೆ ಒಂದು ವಿಷಯ ಗೊತ್ತಿತ್ತು. ನಿಮಗೂ ಈಗ ಗೊತ್ತಿದೆ. ಕೈ ಮುಗಿದದ್ದು ಬಣ್ಣಕ್ಕೆ ಎಂದಾದರೆ ಕಾಲು ಮುಟ್ಟಿದ್ದು ಯಾವುದಕ್ಕೆ? ಒಂದೇ ವಾಕ್ಯ. ಹಚ್ಚಿದವನು ನಾನು, ಹೇಳಬೇಕಾದವನೂ ನಾನು. ನಾನು ಏನು ಮಾಡಿದೆ ಎಂದರೆ, ಲೋಟದಲ್ಲಿ ಉಳಿದಿದ್ದ ಟೀ ಕುಡಿದೆ. ಆರಿಹೋಗಿತ್ತು. ಆದರೂ ಪೂರ್ತಿ ಕುಡಿದೆ.

ಮಂಗಳವಾರ ಏಳಕ್ಕೆ ಹತ್ತು ನಿಮಿಷಕ್ಕೆ ಅವನು ಮತ್ತೆ ಬಂದ. ಮೆಟ್ಟಿಲ ಕೆಳಗೆ ನಿಂತು ಟೀ ಕೇಳಿದ, ಗೋವಿಂದಪ್ಪ ಗೂಡು ತೋರಿಸಿದ, ಅವನು ಹೋಗಿ ಮೈಲಿಗಲ್ಲಿನ ಮೇಲೆ ಕೂತ. ಎಂಟಕ್ಕೆ ಎದ್ದು ಮೋರಿ ಕೆಲಸಕ್ಕೆ ಹೋಗುವವರೆಗೆ ಸುಮ್ಮನೆ ಹೋಟೆಲಿನ ಕಡೆ ನೋಡುತ್ತಿದ್ದ. ಉಪವಾಸವೇನೂ ಇರಲಿಲ್ಲ, ಸೋಮವಾರ ಮಧ್ಯಾಹ್ನವೇ ಡೇರೆಯಲ್ಲಿ ಮುದ್ದೆ ಉಂಡಿದ್ದ. ಇದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದೆ ಯಾರಾದರೂ ಐದು ದಿನ ಉಪವಾಸ ಎಂದು ಬರೆಯುತ್ತಾರೆ.

ಆದರೆ ಕೃಷ್ಣ ಎದುರಿಗೆ ಕೂತು ನೋಡುತ್ತಿರುವಾಗ ಇಡ್ಲಿ ನುಂಗುವುದು ಎಷ್ಟು ಕಷ್ಟ ಎಂದು ಆ ವಾರ ಊರಿಗೆ ತಿಳಿಯಿತು. ನೀರು ತರುವ ಹೆಂಗಸರು ಅವನನ್ನು ಕಂಡಕೂಡಲೇ ಕೈ ಎತ್ತಿ, ನೆನಪಾಗಿ, ಆ ಕೈಯಲ್ಲೇ ಸೆರಗು ಸರಿಮಾಡಿಕೊಂಡು ಹೋಗುತ್ತಿದ್ದರು. ಪಾವಗಡದ ಕಡೆಯಿಂದ ಬಂದ ಬಸ್ಸಿನಿಂದ ತೆಲುಗಿನ ಮುದುಕಿಯೊಬ್ಬಳು ಇಳಿದು, ನೇರವಾಗಿ ಬಂದು ಅವನ ಕಾಲಿಗೆ ಬಿದ್ದು ಒಂದು ಬಾಳೆಹಣ್ಣು ಇಟ್ಟಳು.

"ಕೃಷ್ಣಯ್ಯಾ, ಮಾ ಊರಿಕಿ ವಾನ ರಾನೀ ಸ್ವಾಮೀ," ಎಂದಳು. ನಮ್ಮೂರಿಗೆ ಮಳೆ ಬರಲಿ ಎಂದು.

ಓಬಳಯ್ಯ ಅವಳನ್ನು ಹಿಡಿದೆತ್ತಿ ಅವಳ ಭಾಷೆಯಲ್ಲೇ ಹೇಳಿದ: "ವಾನ ನಾ ಚೇತುಲೋ ಲೇದಮ್ಮಾ. ನಾಕೇ ಟೀ ರಾಲೇದು." ಮಳೆ ನನ್ನ ಕೈಯಲ್ಲಿಲ್ಲ ತಾಯಿ, ನನಗೇ ಟೀ ಬಂದಿಲ್ಲ ಎಂದು. ಬಸ್ಸಿನವರೆಲ್ಲ ನಕ್ಕರು. ಹೋಟೆಲಿನ ಒಳಗೆ ಯಾರೂ ನಗಲಿಲ್ಲ.

ಮಂಗಳವಾರ ಸಂಜೆ ಅವನು ಶಾಲೆಯ ಹಿಂದಿನ ನನ್ನ ಕೋಣೆಗೆ ಬಂದ. ಬೆವರಿಗೆ ಬಣ್ಣ ಅಲ್ಲಲ್ಲಿ ಬಿಟ್ಟುಹೋಗಿ ಮುಖ ಸುಣ್ಣ ಎದ್ದ ಗೋಡೆಯ ಹಾಗಾಗಿತ್ತು.

"ಸಾ, ವಸಿ ನೀಲಿ ಹಚ್ಚಿ."

ನನಗೆ ಭಯವಾಯಿತು. ಮೇಷ್ಟ್ರೇ ಹಚ್ಚಿದ್ದು ಎಂದು ಗೊತ್ತಾದರೆ ಊರಿನಲ್ಲಿ ನನಗೆ ಹಾಲು ಹಾಕುವವರು ಯಾರು? "ತೊಳ್ಕೊಂಡು ಬಿಡು ಓಬಳಯ್ಯ," ಎಂದೆ, "ಒಂದು ಟೀಗೆ ಇಷ್ಟೆಲ್ಲಾ ಯಾಕೆ?"

"ಟೀಗಲ್ಲ ಸಾ. ಡೇರೇಲಿ ಟೀ ಐತೆ. ಬಣ್ಣಕ್ಕೆ ಕೈ ಮುಗ್ದೋ ಅಂದ್ರಲ್ಲ, ನಿಜ ಆಗಿದ್ರೆ ಬಣ್ಣಕ್ಕೆ ಕೊಡ್ಲಿ. ಕೊಡಲ್ಲ ಅಂದ್ರೆ ಆ ಮಾತು ಸುಳ್ಳು. ಸುಳ್ಳಾದ್ರೆ ಅವರು ಮುಗ್ದಿದ್ದು ನನಗೇ. ಎರಡ್ರಲ್ಲಿ ಒಂದು ಅವರ ಬಾಯಲ್ಲೇ ಬರ್ಲಿ."

ನಾನು ಬಿ.ಎ. ಕಟ್ಟಿದ್ದೆ, ತರ್ಕಶಾಸ್ತ್ರವೂ ಇತ್ತು. ಇಷ್ಟು ನೇರವಾದ ಮಾತನ್ನು ಅದರಲ್ಲಿ ಓದಿರಲಿಲ್ಲ. ಬಾಗಿಲು ಹಾಕಿ, ಅಗುಳಿ ಹಾಕಿ, ಕಿಟಕಿಯನ್ನೂ ಮುಚ್ಚಿ, ನೀಲಿ ಕಲಸಿ ಹಚ್ಚಿದೆ. ಆ ವಾರ ನನ್ನ ಧೈರ್ಯ ಎಂದರೆ ಅಷ್ಟೇ, ಅದೂ ಅಗುಳಿ ಹಾಕಿದ ಮೇಲೆ. ಬುಧವಾರ ಸಂಜೆ ಮತ್ತೆ ಹಚ್ಚಿದೆ, ಗುರುವಾರವೂ. ದಿನಾ ಆ ಮುಖವನ್ನು ಗೇಣು ದೂರದಿಂದ ನೋಡಬೇಕಾಯಿತು. ಎಡ ಹುಬ್ಬಿನಲ್ಲಿ ಒಂದು ಹಳೆಯ ಗಾಯ. ಕಣ್ಣ ಸುತ್ತ ಡಾಂಬರಿನ ಹೊಗೆಗೆ ಕಟ್ಟಿದ ಸುಕ್ಕು. ನೀಲಿ ಹಚ್ಚಿದಷ್ಟೂ ನನಗೆ ಕೃಷ್ಣ ಕಡಿಮೆಯಾಗಿ, ಒಳಗಿನವನು ಹೆಚ್ಚು ಕಾಣತೊಡಗಿದ. ನೀತಿಪಾಠದ ವಾಕ್ಯ ನೆನಪಾಯಿತು. ಆ ವಾರದ ಶನಿವಾರ ಅದನ್ನು ಮಕ್ಕಳಿಗೆ ಹೇಗೆ ಹೇಳುವುದು ಎಂದು ಚಿಂತೆಯಾಯಿತು.

ಗುರುವಾರ ಪಟೇಲರು ಸ್ವಲ್ಪ ಇಳಿದರು. "ಕೆರೇಲಿ ಮುಖ ತೊಳ್ಕಂಡ್ ಹೋಗ್ಲಾ. ಊರೋರು ನಗ್ತಾವ್ರೆ," ಎಂದರು.

"ಯಾರ್ನ ನೋಡಿ ನಗ್ತಾವ್ರೆ ಪಟೇಲ್ರೆ?" ಎಂದ ಓಬಳಯ್ಯ, ಕಲ್ಲಿನ ಮೇಲಿಂದ ಏಳದೆ.

ಶುಕ್ರವಾರ. ಅದೇ ಹೊತ್ತು, ಅದೇ ಜಾಗದಲ್ಲಿ ನಾನು. ಬೆಂಚಿನ ಮೇಲೆ ಪಟೇಲರು, ಚಿಕ್ಕಣ್ಣ. ಗೋಡೆಯ ಹತ್ತಿರ ನಾಲ್ವರು. ಓಬಳಯ್ಯ ಬಂದು ಟೀ ಕೇಳಿದ. ಗೋವಿಂದಪ್ಪ ಗದ್ದ ಎತ್ತುವಷ್ಟರಲ್ಲಿ ಹಿಂದಿನ ಅಡಿಗೆ ಕೋಣೆಯಿಂದ ನಂಜಕ್ಕ ಬಂದಳು. ಚಟ್ನಿ ರುಬ್ಬುತ್ತಿದ್ದ ಕೈ, ಇನ್ನೂ ತೊಳೆದಿರಲಿಲ್ಲ. ಮಗನನ್ನು ಪಕ್ಕಕ್ಕೆ ಸರಿಸಿ ಮೆಟ್ಟಿಲ ಮೇಲೆ ನಿಂತಳು.

"ಲೇ ಮಗಾ, ಬಲಗಾಲ್ ಮುಂದಕ್ಕಿಡು."

ಓಬಳಯ್ಯನಿಗೆ ಅರ್ಥವಾಗಲಿಲ್ಲ. ಆದರೂ ಇಟ್ಟ.

"ನೋಡಿ ಪಟೇಲ್ರೆ. ಈ ಕಲೆ ಅವತ್ತು ನನ್ನ ಹಣೆಗೆ ತಾಗ್ತು, ಒರಟಾಗಿತ್ತು. ಐದು ದಿನದಿಂದ ಕಲ್ಲು ತಿರುಗಿಸ್ತಾ ಅದನ್ನೇ ಯೋಚ್ನೆ ಮಾಡ್ತಿದೀನಿ. ಬಣ್ಣ ಇದ್ರೆ ನನ್ನ ಹಣೆಗೆ ಮೆತ್ತಬೇಕಾಗಿತ್ತಲ್ಲ? ಮೆತ್ತಿರ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಏನ್ ಮೇಷ್ಟ್ರೆ, ಹಚ್ದೋರು ನೀವು. ಕಾಲಿಗೆ ಬಣ್ಣ ಹಚ್ಚಿದ್ರಾ?"

ಎಲ್ಲರೂ ನನ್ನನ್ನು ನೋಡಿದರು. ಪಟೇಲರೂ ನೋಡಿದರು. ಅವರೇ ಶಾಲಾ ಸಮಿತಿಯ ಅಧ್ಯಕ್ಷರು. ಲೋಟವನ್ನು ಡ್ರಮ್ಮಿನ ಮುಚ್ಚಳದ ಮೇಲಿಟ್ಟೆ.

"ಇಲ್ಲಮ್ಮ," ಎಂದೆ. "ಬಣ್ಣ ಸಾಲಲಿಲ್ಲ. ಕಾಲಿಗೆ ಹಚ್ಚಲಿಲ್ಲ."

ನನ್ನ ಸಾಕ್ಷಿ ಅಷ್ಟೇ. ನಾಲ್ಕು ದಿನ ತಡವಾಗಿ, ಅದೂ ಕೇಳಿದ ಮೇಲೆ.

"ಅಂದ್ರೆ ಏನಜ್ಜಿ ನೀನ್ ಹೇಳೋದು?" ಎಂದರು ಪಟೇಲರು. "ದೇವ್ರೂ ಇವನೂ ಒಂದೇನಾ?"

"ದೇವ್ರನ್ನ ನಾನೆಲ್ ಕಂಡಿದೀನಪ್ಪಾ? ಕಂಡಿದ್ದು ಇವನ್ನ. ಮುಟ್ದಾಗ ಒಳಗೆ ಏನೋ ತಣ್ಣಗಾಯ್ತು, ನಿಮಗೂ ಆಗಿರ್ತದೆ. ಅದು ಸುಳ್ಳು ಅಂದ್ರೆ ನಾನು ಇಷ್ಟ್ ವರ್ಸ ಕೈ ಮುಗ್ದಿದ್ದೆಲ್ಲಾ ಸುಳ್ಳು. ಅದನ್ನ ಸುಳ್ಳು ಮಾಡ್ಕಳಕ್ಕೆ ನಂಗೆ ಇಷ್ಟ ಇಲ್ಲ."

"ಅವ್ವಾ, ಗಿರಾಕಿ ಹೋಯ್ತಾರೆ," ಎಂದ ಗೋವಿಂದಪ್ಪ, ಮೆಲ್ಲಗೆ.

"ಹೋಗ್ಲಿ ಬುಡು. ಹಿಟ್ಟು ರುಬ್ಬೋಳು ನಾನು."

ಅವಳೇ ಸ್ಟೀಲ್ ಲೋಟಕ್ಕೆ ಟೀ ಹುಯ್ದು ಎರಡೂ ಕೈಯಲ್ಲಿ ಹಿಡಿದಳು, ಭಾನುವಾರ ಆರತಿ ತಟ್ಟೆಯನ್ನು ಹಿಡಿದ ಹಾಗೆ. ಓಬಳಯ್ಯ ತೆಗೆದುಕೊಳ್ಳಲಿಲ್ಲ.

"ವಸಿ ತಡಿಯವ್ವಾ," ಎಂದು ನನ್ನ ಹತ್ತಿರ ಬಂದ. ಡ್ರಮ್ಮಿನಿಂದ ನೀರು ಮೊಗೆದುಕೊಂಡ. ಆ ಡ್ರಮ್ಮನ್ನು ಅವನ ಕಡೆಯವರು ಮುಟ್ಟಿದ್ದು ಅದೇ ಮೊದಲು. ನಂಜಕ್ಕ ಒಳಗಿನಿಂದ ಎಣ್ಣೆ ಬಟ್ಟಲು ಕೊಟ್ಟಳು. ಮುಖ ತಿಕ್ಕಿದ, ತೊಳೆದ, ಕೈ ಚಾಚಿದ. ನನ್ನ ಹೆಗಲ ಟವಲ್ಲನ್ನು ಕೊಟ್ಟೆ. ಒರೆಸಿಕೊಂಡು ತಲೆ ಎತ್ತಿದಾಗ ಅಲ್ಲಿದ್ದದ್ದು ಬರಿಯ ಮುಖ. ಕಪ್ಪು, ಎಣ್ಣೆಗೆ ಹೊಳೆಯುವ, ಎಡ ಹುಬ್ಬಿನಲ್ಲಿ ಗಾಯ ಇರುವ ಮುಖ.

"ಈಗ ಕೊಡವ್ವಾ. ಬಣ್ಣ ಇಲ್ಲ," ಎಂದ.

ಕೊಟ್ಟಳು. ಅವನು ಒಳಗೆ ಹೋದ. ಪಟೇಲರು ಎದ್ದು ಹೊರಟರು. ಅವರ ಹಿಂದೆ ಗೋಡೆಯ ಹತ್ತಿರದವರಲ್ಲಿ ಮೂವರು. ಒಬ್ಬ ಉಳಿದ. ಚಿಕ್ಕಣ್ಣ ಬೆಂಚಿನ ಮೇಲೆ ಸರಿದು, "ಕೂತ್ಕಳಯ್ಯಾ, ಜಾಗ ಐತೆ," ಎಂದ. ಓಬಳಯ್ಯ ಕೂತು ನಿಧಾನವಾಗಿ ಟೀ ಕುಡಿದ. ಇನ್ನೊಂದು ಕೇಳಿ ಅದನ್ನೂ ಕುಡಿದ. ಹೊರಗೆ ಬಂದು, ಗೂಡಿನಲ್ಲಿ ಬೋರಲಾಗಿದ್ದ ಗಾಜಿನ ಲೋಟವನ್ನು ತೆಗೆದು ಜೇಬಿಗೆ ಹಾಕಿಕೊಂಡ.

"ಲೇ ಲೇ, ಗ್ಲಾಸ್ ಎಲ್ಲಿಗ್ಲಾ?" ಎಂದು ಗೋವಿಂದಪ್ಪ ಕೂಗಿದ.

"ನಿಮ್ ಗ್ಲಾಸು ಅಂದ್ರಲ್ಲಣ್ಣ. ತಗಂಡೋಯ್ತಿದೀನಿ."

ಊರು ಅವತ್ತೇ ಬದಲಾಯಿತು ಎಂದು ಹೇಳಲಾರೆ. ಮುಂದಿನ ವಾರ ಗೂಡಿನಲ್ಲಿ ಹೊಸ ಗ್ಲಾಸು ಬಂತು. ಎರಡು ದಿನದಲ್ಲಿ ಅದೂ ಹೋಯಿತು. ಊರಿನ ಕಾಲೋನಿಯ ಯಾರೋ "ನಮ್ದು" ಎಂದು ಒಯ್ದಿದ್ದರು. ಮತ್ತೊಂದು ಬಂತು, ಮತ್ತೊಂದು ಹೋಯಿತು. ಗ್ಲಾಸು ಹೋದಾಗಲೆಲ್ಲ ಒಳಗೆ ನಂಜಕ್ಕ ನಗುವುದು ಕೇಳುತ್ತಿತ್ತು. ಎಂಬತ್ತರ ದಶಕದ ಮೊದಲಲ್ಲಿ ನನಗೆ ವರ್ಗವಾಗಿ ಹೊರಡುವಾಗ ನೋಡಿದೆ, ಗೂಡಿನಲ್ಲಿ ಗುಬ್ಬಿ ಹುಲ್ಲು ತಂದಿಟ್ಟಿತ್ತು.

ಆ ಶನಿವಾರ ನೀತಿಪಾಠ ಮಾಡಲಿಲ್ಲ. ಮಕ್ಕಳಿಗೆ ಒಬ್ಬರ ಮುಖವನ್ನೊಬ್ಬರು ನೋಡಿ ಬರೆಯಲು ಹೇಳಿದೆ. ಚಿತ್ರಗಳು ಯಾರ ಹಾಗೂ ಇರಲಿಲ್ಲ, ಆದರೆ ಅಷ್ಟು ಹೊತ್ತು ಎಲ್ಲರೂ ಎದುರಿನವರನ್ನು ನೋಡಿದರು.

ಇನ್ನೊಂದು ಕಾರಣ ಹೇಳುತ್ತೇನೆ ಎಂದಿದ್ದೆ. ಈಗ ಆ ಊರಿನಲ್ಲಿ ಈ ಕಥೆಯನ್ನು ಬೇರೆ ಥರ ಹೇಳುತ್ತಾರಂತೆ. ಅವತ್ತು ಕೃಷ್ಣನಿಗೆ ಅಡಿಯಿಂದ ಮುಡಿಯವರೆಗೆ ನೀಲಿ ಹಚ್ಚಿತ್ತು, ಅದಕ್ಕೇ ಜನಕ್ಕೆ ಗುರುತು ಸಿಗಲಿಲ್ಲ, ಬಣ್ಣಕ್ಕೆ ನಮಸ್ಕಾರ ಮಾಡಿದರು, ಆಮೇಲೆ ದೊಡ್ಡ ಮನಸ್ಸಿನಿಂದ ಟೀನೂ ಕೊಟ್ಟರು ಎಂದು. ಅದನ್ನು ನಾನು ಒಪ್ಪುವುದಿಲ್ಲ. ಒಂದು ಸಲ ತಡವಾಗಿ ಹೇಳಿದ್ದೇನೆ, ಈ ಸಲ ಯಾರೂ ಕೇಳುವ ಮೊದಲೇ ಬರೆದು ಇಡುತ್ತಿದ್ದೇನೆ.

ಪಟೇಲರು ತೀರಿಕೊಂಡರು. ನಂಜಕ್ಕ ಅವರಿಗಿಂತ ಮೊದಲೇ ಹೋದಳು. ಗೋವಿಂದಪ್ಪ ಇದ್ದಾನೆ, ಮಧುಗಿರಿಯಲ್ಲಿ ಮಗಳ ಮನೆಯಲ್ಲಿ. ಚಿಕ್ಕಣ್ಣ ಶಿರಾ ಕಡೆಯ ತನ್ನ ಹಟ್ಟಿಯಲ್ಲಿದ್ದಾನೆ. ಕಿವಿ ಮಂದ, ನೆನಪು ಮಂದವಿಲ್ಲ. ಓಬಳಯ್ಯ ಇದ್ದಾನೆ, ಕೊರಟಗೆರೆ ಹತ್ತಿರದ ಅದೇ ಹಳ್ಳಿಯಲ್ಲಿ. ಆ ಗಾಜಿನ ಲೋಟವೂ ಅವನ ಮನೆಯಲ್ಲಿದೆ. ನಾನು ಇದ್ದೇನೆ. ನಮ್ಮನ್ನು ಬೇರೆ ಬೇರೆ ಕಡೆ ಕೂರಿಸಿ ಕೇಳಿ, ಕಾಲಿಗೆ ಬಣ್ಣ ಇತ್ತೇ ಎಂದು.